ಟ್ಯಾಂಕಿಗೆ ಸುರಿಯುವ ಆ ಬಾಟಲಿ: ಬೇಕಾ, ಬ್ಯಾಡಾ?

ಗಾಡಿ ಸರ್ವಿಸ್ ಆದ ಮೇಲೆ ಕೈಗೆ ಬರುವ ಬಿಲ್ಲಿನಲ್ಲಿ ನೀವು ಕೊನೆಯ ಮೊತ್ತ ಮಾತ್ರ ನೋಡ್ತೀರಾ, ಇಲ್ಲ ಒಂದೊಂದೇ ಸಾಲು ಓದ್ತೀರಾ? ಮುಂದಿನ ಸಲ ಓದಿ ನೋಡಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಎಲ್ಲಾ ಆದ ಮೇಲೆ ಎಲ್ಲೋ ಒಂದು ಕಡೆ ‘ಫ್ಯೂಯಲ್ ಸಿಸ್ಟಮ್ ಕ್ಲೀನರ್’ ಅಂತ ಒಂದು ಸಾಲು ಕೂತಿರೋ ಸಾಧ್ಯತೆ ಇದೆ. ನಾಲ್ಕೈದು ನೂರು ರೂಪಾಯಿ. ಕೆಲವು ಕಡೆ ಅದೇ ಸಾಲು ಸಾವಿರ ದಾಟಿರ್ತದೆ. ಏನದು ಅಂತ ಕೇಳಿದರೆ ಎಲ್ಲರ ಉತ್ತರ ಒಂದೇ: “ಹಾಕಿದ್ರೆ ಒಳ್ಳೇದು, ಆವರೇಜ್ ಜಾಸ್ತಿ ಬರ್ತದೆ.”

ನಾನು ಹೈದರಾಬಾದಿನಲ್ಲಿ ಕೆಲಸ ಮಾಡ್ತೀನಿ, ಮನೆ ಹುಮನಾಬಾದ್. ಹದಿನೈದು ದಿನಕ್ಕೊಮ್ಮೆಯಾದರೂ ಊರಿಗೆ ಬರ್ತೀನಿ, ಒಂದು ಸಣ್ಣ ಪೆಟ್ರೋಲ್ ಕಾರಿನಲ್ಲಿ. ಕಳೆದ ಸರ್ವಿಸ್ ಹೊತ್ತಿಗೆ ನನಗೂ ಈ ಬಾಟಲಿ ತೋರಿಸಿದರು. “ಏನು ಚೆಕ್ ಮಾಡಿ ಹೇಳ್ತಿದ್ದೀರಿ?” ಅಂತ ಕೇಳಿದೆ. “ಹದಿನೈದು ಸಾವಿರ ಕಿಲೋಮೀಟರ್ ಆಯ್ತಲ್ಲ ಮೇಡಂ” ಅಂದರು. ಅದು ಮೀಟರ್ ಓದಿ ಹೇಳಿದ್ದಾಯ್ತು, ಎಂಜಿನ್ ನೋಡಿ ಹೇಳಿದ್ದಲ್ಲ. ಆ ಸಾಲು ತೆಗೆಸಿದೆ.

ಹಾಗಂತ ಈ ಬಾಟಲಿಗಳೆಲ್ಲ ಬರೀ ಮೋಸ ಅಂತ ನಾನು ಹೇಳೋದಿಲ್ಲ. ಅದರೊಳಗೆ ನಿಜವಾದ ರಸಾಯನಶಾಸ್ತ್ರ ಇದೆ. ಕೆಲವು ಗಾಡಿಗೆ ಕೆಲಸವೂ ಮಾಡ್ತದೆ. ಪ್ರಶ್ನೆ ಇಷ್ಟೇ: ಯಾವ ಗಾಡಿಗೆ, ಯಾವಾಗ, ಏನಕ್ಕೆ?

ನಮ್ಮೂರಲ್ಲಿ ಈ ಮಾತು ಯಾಕೆ ದೊಡ್ಡದು

ಹುಮನಾಬಾದ್ ಅಂದರೆ ರಸ್ತೆಗಳು ಕೂಡುವ ಊರು. ಪುಣೆಯಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ, ಬೀದರ್‌ನಿಂದ ಕಲಬುರಗಿ ಕಡೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ, ಎರಡೂ ಇಲ್ಲಿ ಸೇರ್ತವೆ. ಲಾರಿ, ಟೆಂಪೊ, ಕ್ರೂಸರ್, ಬೊಲೆರೊ ಹಗಲೂ ರಾತ್ರಿ ಓಡ್ತಾವೆ. ಬಸವಕಲ್ಯಾಣಕ್ಕೆ, ಭಾಲ್ಕಿಗೆ, ಚಿಟಗುಪ್ಪಕ್ಕೆ ಬಾಡಿಗೆ ಹೊಡೆದು ಸಂಸಾರ ನಡೆಸುವವರು ಎಷ್ಟೋ ಜನ. ಅವರಿಗೆ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚು ಕಡಿಮೆ ಆದರೆ ತಿಂಗಳ ಕಂತಿನ ಲೆಕ್ಕವೇ ಏರುಪೇರು. ಆದ್ದರಿಂದಲೇ ಹೆದ್ದಾರಿ ಬದಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬಣ್ಣಬಣ್ಣದ ಬಾಟಲಿ ಸಾಲಾಗಿ ನಿಂತಿರೋದು.

ನಮ್ಮಂಥ ಸಂಬಳದವರ ಕತೆ ಬೇರೆ. ವಾರವೆಲ್ಲ ಹೈದರಾಬಾದಿನ ಟ್ರಾಫಿಕ್‌ನಲ್ಲಿ ಎರಡನೇ ಗೇರ್, ಊರಿಗೆ ಬರುವಾಗ ಮಾತ್ರ ಐದನೇ ಗೇರ್. ಕಾರಿನ ಸಾಲ ಇನ್ನೂ ಮೂರು ವರ್ಷ ಇರ್ತದೆ. ಎಂಜಿನ್‌ಗೆ ಏನಾದರೂ ಆದರೆ ಅನ್ನುವ ಹೆದರಿಕೆ ಇರ್ತದೆ. ಬಾಟಲಿ ಮಾರುವವರಿಗೆ ಈ ಹೆದರಿಕೆ ಚೆನ್ನಾಗಿ ಗೊತ್ತು.

ಒಳಗೆ ಕಚರಾ ಹೇಗೆ ಕೂಡ್ತದೆ

ಇಂಜೆಕ್ಟರ್ ಅಂದರೆ ಎಂಜಿನ್‌ಗೆ ಇಂಧನವನ್ನು ಮಂಜಿನ ಹಾಗೆ ಚಿಮ್ಮಿಸುವ ಪುಟ್ಟ ನಳಿಕೆ. ಗಾಡಿ ಆಫ್ ಮಾಡಿದಾಗ ಎಂಜಿನ್ ತಕ್ಷಣ ತಣ್ಣಗಾಗೋದಿಲ್ಲ. ಆ ಬಿಸಿಗೆ ಇಂಜೆಕ್ಟರ್ ತುದಿಯಲ್ಲಿ ಉಳಿದ ಕೊನೆಯ ಹನಿ ಆವಿಯಾಗಿ, ಅದರಲ್ಲಿದ್ದ ಭಾರದ ಅಂಶ ಅಲ್ಲೇ ಒಣಗಿ ಅಂಟಿಕೊಳ್ತದೆ. ಹಾಲು ಕಾಸಿದ ಪಾತ್ರೆಯ ತಳ ಸೀದ ಹಾಗೆ. ಒಂದು ದಿನಕ್ಕೆ ಏನೂ ಅಲ್ಲ. ದಿನಕ್ಕೆ ಹತ್ತು ಸಲ ಎರಡೆರಡು ಕಿಲೋಮೀಟರ್ ಓಡಿಸಿ ಆಫ್ ಮಾಡುವ ಗಾಡಿಗೆ ವರ್ಷಾನುಗಟ್ಟಲೆ ಇದೇ ಆದರೆ ಪದರ ದಪ್ಪ ಆಗ್ತದೆ. ಮಂಜಿನ ಹಾಗೆ ಬರಬೇಕಾದ ಇಂಧನ ಧಾರೆಯಾಗಿ ಬೀಳ್ತದೆ. ಆಗ ಐಡ್ಲಿಂಗ್‌ನಲ್ಲಿ ನಡುಕ, ಪಿಕಪ್ ಕಡಿಮೆ, ಬೆಳಿಗ್ಗೆ ಸ್ಟಾರ್ಟ್ ಆಗಲು ತಡ.

ಒಳ್ಳೆಯ ಪೆಟ್ರೋಲ್ ಕ್ಲೀನರ್‌ಗಳಲ್ಲಿ ಪಾಲಿಈಥರ್ ಅಮೀನ್, ಚಿಕ್ಕದಾಗಿ ಪಿಇಎ, ಅನ್ನುವ ಪದಾರ್ಥ ಇರ್ತದೆ. ಇದು ಕೆಲಸ ಮಾಡೋದು ಸೋಪಿನ ಹಾಗೆ. ಅಣುವಿನ ಒಂದು ತುದಿ ಕಚರಾ ಹಿಡ್ಕೊಳ್ತದೆ, ಇನ್ನೊಂದು ತುದಿ ಪೆಟ್ರೋಲ್‌ನಲ್ಲಿ ಕರಗಿ ಅದನ್ನು ಎಳ್ಕೊಂಡು ಹೋಗ್ತದೆ. ಪಾಲಿಐಸೊಬ್ಯುಟಿಲೀನ್ ಅಮೀನ್ ಅಂತ ಇನ್ನೊಂದಿದೆ. ಅದು ವಾಲ್ವ್ ಸ್ವಚ್ಛ ಮಾಡ್ತದೆ, ಆದರೆ ಎಂಜಿನ್‌ನ ಉರಿಯುವ ಕೋಣೆಯೊಳಗೆ ತಾನೇ ಸ್ವಲ್ಪ ಉಳಿಯಬಹುದು. ಇನ್ನು ಕೆಲವು ಬಾಟಲಿಗಳಲ್ಲಿ ಹೆಚ್ಚಿನ ಪಾಲು ಸೀಮೆಎಣ್ಣೆ ಜಾತಿಯ ದ್ರಾವಕ ಇರ್ತದೆ. ಲೇಬಲ್ ಮೇಲೆ ಒಳಗೇನಿದೆ ಅಂತ ಬರೆಯದೆ ‘ಸ್ಪೆಷಲ್ ಫಾರ್ಮುಲಾ’ ಅಂತ ಮಾತ್ರ ಬರೆದಿದ್ದರೆ ದುಡ್ಡು ಕೊಡಬೇಡಿ.

ಡಿಟರ್ಜೆಂಟ್ ಕೆಲಸ ಮಾಡ್ತದೆ ಅನ್ನೋದಕ್ಕೆ ಪುರಾವೆ ಇದೆ. ಅಮೆರಿಕದಲ್ಲಿ 1995ರಿಂದ ಪೆಟ್ರೋಲ್‌ಗೆ ಡಿಟರ್ಜೆಂಟ್ ಬೆರೆಸೋದು ಕಡ್ಡಾಯ. ಆ ಕಡ್ಡಾಯದ ಪ್ರಮಾಣ ಸಾಲದು ಅಂತ ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಟೊಯೊಟಾ ಸೇರಿ 2004ರಲ್ಲಿ ‘ಟಾಪ್ ಟಿಯರ್’ ಅನ್ನುವ ಹೆಚ್ಚಿನ ಗುಣಮಟ್ಟ ಮಾಡಿದವು. 2016ರಲ್ಲಿ ಅಲ್ಲಿನ ವಾಹನ ಮಾಲೀಕರ ಸಂಘ ಎಎಎ ಎರಡನ್ನೂ ಹೋಲಿಸಿ ನೋಡಿತು. 4,000 ಮೈಲಿ ಓಡಿದ್ದಕ್ಕೆ ಸಮನಾದ ಪರೀಕ್ಷೆಯ ನಂತರ, ಟಾಪ್ ಟಿಯರ್ ಅಲ್ಲದ ಪೆಟ್ರೋಲ್ ಹಾಕಿದ ಎಂಜಿನ್‌ನಲ್ಲಿ ಸರಾಸರಿ 19 ಪಟ್ಟು ಹೆಚ್ಚು ಕಚರಾ ಕೂತಿತ್ತು.

ಅಂದರೆ ಡಿಟರ್ಜೆಂಟ್ ನಿಜ. ಆದರೆ ಅಲ್ಲಿ ಗೆದ್ದದ್ದು ಪಂಪಿನಲ್ಲಿ ಸಿಗುವ ಒಳ್ಳೆಯ ಇಂಧನ, ಅಂಗಡಿಯ ಬಾಟಲಿ ಅಲ್ಲ. ನಮ್ಮಲ್ಲೂ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಭಾರತ್ ಪೆಟ್ರೋಲಿಯಂನ ಸ್ಪೀಡ್, ಎಚ್‌ಪಿಯ ಪವರ್ ಅನ್ನುವ ಹೆಸರಿನಲ್ಲಿ ಸಂಯೋಜಕ ಬೆರೆತ ಪೆಟ್ರೋಲ್ ಸಿಗ್ತದೆ, ಲೀಟರಿಗೆ ಕೆಲವು ರೂಪಾಯಿ ಜಾಸ್ತಿ ದರಕ್ಕೆ.

ಅಪ್ಪನ ಕಾಲದ ಸಲಹೆ, ನಮ್ಮ ಕಾಲದ ಗಾಡಿ

“ವರ್ಷಕ್ಕೊಮ್ಮೆ ಕ್ಲೀನ್ ಮಾಡಿಸ್ಬೇಕು” ಅನ್ನೋ ಮಾತು ಬಂದದ್ದು ಕಾರ್ಬೊರೇಟರ್ ಕಾಲದಿಂದ. ಆಗ ಅದು ಸರಿ ಇತ್ತು. ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತದ್ದೇ 2000ದಲ್ಲಿ. ಡೀಸೆಲ್ ಕತೆ ನೋಡಿ: ಬಿಎಸ್3 ಡೀಸೆಲ್‌ನಲ್ಲಿ ಗಂಧಕ 350 ಪಿಪಿಎಂ ತನಕ ಇರಬಹುದಿತ್ತು, ಬಿಎಸ್4ರಲ್ಲಿ ಅದು 50ಕ್ಕೆ ಇಳಿಯಿತು, 2020ರ ಏಪ್ರಿಲ್ 1ರಿಂದ ದೇಶವೆಲ್ಲ ಬಂದ ಬಿಎಸ್6ರಲ್ಲಿ 10ಕ್ಕೆ. ನಮ್ಮ ಟ್ಯಾಂಕಿಗೆ ಬೀಳುವ ಇಂಧನ ಅಪ್ಪನ ಸ್ಕೂಟರಿಗೆ ಬೀಳುತ್ತಿದ್ದ ಇಂಧನ ಅಲ್ಲವೇ ಅಲ್ಲ.

ಗಾಡಿಯೂ ಬದಲಾಗಿದೆ. ಬಿಎಸ್6 ಬಂದ ಮೇಲೆ ಬೈಕಿಗೂ ಇಂಜೆಕ್ಟರ್ ಬಂತು. ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಲೆಕ್ಕ ಹಾಕಿ ಬಿಡಿಸ್ತದೆ. ಇಂಜೆಕ್ಟರ್ ಸ್ವಲ್ಪ ಕಟ್ಟಿದರೆ ಕಂಪ್ಯೂಟರ್ ತಾನೇ ಸರಿದೂಗಿಸ್ತದೆ. ಆ ಸರಿದೂಗಿಸಿದ ಲೆಕ್ಕಕ್ಕೆ ಫ್ಯೂಯಲ್ ಟ್ರಿಮ್ ಅಂತಾರೆ. ಸ್ಕ್ಯಾನರ್ ಹಾಕಿದರೆ ಎರಡು ನಿಮಿಷದಲ್ಲಿ ಕಾಣ್ತದೆ. ಅಂದರೆ ಈಗಿನ ಗಾಡಿಗೆ ಅಂದಾಜಿನ ಮೇಲೆ ಔಷಧ ಹಾಕಬೇಕಿಲ್ಲ, ನೋಡಿ ಹಾಕಬಹುದು.

ಇನ್ನೊಂದು ದೊಡ್ಡ ವ್ಯತ್ಯಾಸ ಇಂಜೆಕ್ಟರ್ ಎಲ್ಲಿದೆ ಅನ್ನೋದು. ಸ್ವಿಫ್ಟ್, ವ್ಯಾಗನ್‌ಆರ್‌ನಂಥ ಗಾಡಿಗಳಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಹಿಂದೆ ಚಿಮ್ಮಿ, ವಾಲ್ವನ್ನು ತೊಳೆದುಕೊಂಡೇ ಒಳಗೆ ಹೋಗ್ತದೆ. ಅಲ್ಲಿ ಡಿಟರ್ಜೆಂಟ್ ಕೆಲಸಕ್ಕೆ ಬರ್ತದೆ. ಆದರೆ ಹ್ಯುಂಡೈನ ಟರ್ಬೊ ಜಿಡಿಐ, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನ ಟಿಎಸ್ಐ, ಮಹೀಂದ್ರಾದ ಟಿಜಿಡಿಐ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೇ ಚಿಮ್ಮುತ್ತದೆ. ವಾಲ್ವ್ ಹಿಂಭಾಗಕ್ಕೆ ಪೆಟ್ರೋಲ್ ತಾಗೋದೇ ಇಲ್ಲ. ಅಂಥ ಎಂಜಿನ್‌ಗೆ “ವಾಲ್ವ್ ಕ್ಲೀನ್ ಆಗ್ತದೆ” ಅಂತ ಟ್ಯಾಂಕಿಗೆ ಬಾಟಲಿ ಸುರಿಯೋದು ಅಂದರೆ, ಜಳಕದ ಮನೆಯಲ್ಲಿ ನೀರು ಬಿಟ್ಟು ಅಡುಗೆಮನೆ ತೊಳೆಯಿತು ಅಂದಂಗೆ. ಇಂಜೆಕ್ಟರ್ ತುದಿಗೆ ಉಪಯೋಗ ಆಗಬಹುದು, ವಾಲ್ವಿಗೆ ಇಲ್ಲ. ಆ ವಾಲ್ವ್ ನಿಜವಾಗಿ ಕಟ್ಟಿದರೆ ಬಿಚ್ಚಿಯೇ ಕ್ಲೀನ್ ಮಾಡಬೇಕು. ಅಕ್ರೋಟ್ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯುವ ಪದ್ಧತಿಯೂ ಇದೆ.

ಇ20 ಬಂತು, ಬಾಟಲಿಯ ಹೊಸ ಹೆಸರೂ ಬಂತು

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆ ಆಯ್ತು. ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಮೊದಲು 2030ಕ್ಕೆ ಇಟ್ಟಿದ್ದ ಗುರಿ ಹಿಂದಕ್ಕೆ ಬಂದು, 2025ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಪಂಪಿನಲ್ಲೂ ಅದೇ. ಅವತ್ತಿನಿಂದ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ಗೋಳು: “ಆವರೇಜ್ ಬಿದ್ದದ, ಏನ್ ಹಾಕ್ಸಬೇಕು?” ಅದಕ್ಕೆ ತಕ್ಕಂತೆ ‘ಎಥನಾಲ್ ಪ್ರೊಟೆಕ್ಷನ್’ ಅನ್ನುವ ಬಾಟಲಿಗಳೂ ಬಂದವು.

ಆವರೇಜ್ ಸ್ವಲ್ಪ ಬೀಳೋದು ನಿಜ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನ ಮೂರನೇ ಎರಡು ಭಾಗದಷ್ಟು ಮಾತ್ರ. ನೀತಿ ಆಯೋಗದ 2021ರ ವರದಿಯೇ ಹೇಳಿತ್ತು: ಇ10ಗೆ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2, ಇನ್ನೂ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಂಧನ ದಕ್ಷತೆ ಇಳಿಯಬಹುದು ಅಂತ.

ಇದು ಕಚರಾದಿಂದ ಆದ ಇಳಿಕೆ ಅಲ್ಲ, ಇಂಧನದ ಗುಣದಿಂದ ಆದದ್ದು. ಸ್ವಚ್ಛ ಮಾಡಿ ತೆಗೆಯಲು ಅಲ್ಲಿ ಏನೂ ಇಲ್ಲ. 35 ಲೀಟರ್ ಟ್ಯಾಂಕ್ ತುಂಬಿಸಿದರೆ ಅದರಲ್ಲಿ 7 ಲೀಟರ್ ಎಥನಾಲ್. ಅಂಗೈಯಲ್ಲಿ ಹಿಡಿಯುವ ಬಾಟಲಿ ಆ ಏಳು ಲೀಟರನ್ನು ಪೆಟ್ರೋಲ್ ಮಾಡಲಾರದು.

ಹಳೆಯ ಗಾಡಿಯ ರಬ್ಬರ್ ಪೈಪು, ಗ್ಯಾಸ್ಕೆಟ್ ವಿಷಯವೂ ಅಷ್ಟೇ. 2023ರ ಏಪ್ರಿಲ್ ನಂತರ ಬಂದ ಗಾಡಿಗಳ ಬಿಡಿಭಾಗ ಇ20ಗೆ ತಡೆಯುವಂಥವು. ಅದಕ್ಕಿಂತ ಹಳೆಯ ಕೆಲವು ಗಾಡಿಗಳಲ್ಲಿ 20 ಸಾವಿರದಿಂದ 30 ಸಾವಿರ ಕಿ.ಮೀ. ನಂತರ ಕೆಲವು ರಬ್ಬರ್ ಭಾಗ ಬದಲಿಸಬೇಕಾಗಬಹುದು, ಅದು ಕಡಿಮೆ ಖರ್ಚಿನ ಕೆಲಸ ಅಂತ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಬಿರುಕು ಬಿಟ್ಟ ಪೈಪಿಗೆ ಬೇಕಾದದ್ದು ಹೊಸ ಪೈಪು. ಎಥನಾಲ್ ಹಳೆಯ ಟ್ಯಾಂಕಿನ ತಳದ ಕೆಸರನ್ನು ಕೆದಕಿ ಫಿಲ್ಟರ್‌ಗೆ ತಂದು ಹಾಕುವುದೂ ಉಂಟು. ಅದಕ್ಕೆ ಬೇಕಾದದ್ದು ಹೊಸ ಫಿಲ್ಟರ್.

ಎಥನಾಲನ್ನು ಬೈಯುವಾಗ ನಾವು ಬೀದರ್ ಜಿಲ್ಲೆಯವರು ಒಂದು ನಿಮಿಷ ನಿಲ್ಲಬೇಕು ಅಂತ ನನಗನಿಸ್ತದೆ. ನಮ್ಮ ಸುತ್ತ ಕಬ್ಬಿನ ಹೊಲಗಳೇ. ಎಥನಾಲ್ ಬರುವ ದಾರಿಗಳಲ್ಲಿ ಕಬ್ಬೂ ಒಂದು. ಆವರೇಜಿನ ಸಿಟ್ಟು ನಿಜ, ಕಬ್ಬು ಬೆಳೆಯುವ ಮನೆಯ ಲೆಕ್ಕವೂ ನಿಜ. ಎರಡೂ ಇರಲಿ. ನಡುವೆ ಬಾಟಲಿ ಮಾರುವವನ ಲೆಕ್ಕ ಒಂದನ್ನು ಬಿಟ್ಟುಬಿಡೋಣ.

ಎಥನಾಲ್‌ಗೆ ಒಂದು ನಿಜವಾದ ತೊಂದರೆ ಇದೆ: ಅದು ನೀರು ಹೀರ್ತದೆ. ನೀರು ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿದು ಬೇರೆ ಪದರ ಆಗ್ತದೆ. ಹಾಗೆ ಬೇರೆಯಾದದ್ದನ್ನು ಯಾವ ಬಾಟಲಿಯೂ ಮತ್ತೆ ಕೂಡಿಸೋದಿಲ್ಲ, ಟ್ಯಾಂಕ್ ಖಾಲಿ ಮಾಡಿಸಬೇಕು. ಕಾರನ್ನು ಊರಲ್ಲಿ ಮೂರು ನಾಲ್ಕು ತಿಂಗಳು ನಿಲ್ಲಿಸಿ ಹೋಗುವವರು ಇದನ್ನು ನೆನಪಿಡಿ. ಅರ್ಧ ಟ್ಯಾಂಕ್ ಬಿಟ್ಟು ಹೋಗಬೇಡಿ, ಖಾಲಿ ಜಾಗದ ಗಾಳಿಯ ತೇವ ಒಳಗೇ ಇಳಿಯುತ್ತದೆ. ಮನೆಯವರಿಗೆ ಹೇಳಿ ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ.

ಡೀಸೆಲ್: ಇಲ್ಲಿ ಬಾಟಲಿ ದುಬಾರಿ ಆಗೋದು ಬೇರೆ ರೀತಿ

ಕಾಕಾನ ಮಗ ಒಬ್ಬ ಬಾಡಿಗೆ ಗಾಡಿ ಓಡಿಸ್ತಾನೆ. ಬಿಎಸ್4 ಡೀಸೆಲ್, ಸಾಲ ತೀರಿಲ್ಲ. ಹೋದ ವರ್ಷ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ಕಷ್ಟ, ಏರಿನಲ್ಲಿ ಕಪ್ಪು ಹೊಗೆ. ಅಂಗಡಿಯವರೊಬ್ಬರು ಹೇಳಿದರು ಅಂತ ತಿಂಗಳಿಗೆ ಎರಡು ಬಾಟಲಿ ಡೀಸೆಲ್ ಕ್ಲೀನರ್ ಹಾಕ್ತಾ ಹೋದ. ನಾಲ್ಕು ತಿಂಗಳು. ಒಂದೊಂದು ಸಲ ಗಾಡಿ ಹಗುರ ಆದಂಗೆ ಅನಿಸ್ತಿತ್ತಂತೆ, ಮತ್ತೆ ಅದೇ ಹಾಡು.

ಲಗ್ನದ ಹಂಗಾಮು ಶುರುವಾದ ಮೇಲೆ ಒಂದು ದಿನ ನಡುದಾರಿಯಲ್ಲಿ ನಿಂತಿತು. ಹಳೇ ಮಿಸ್ತ್ರಿ ಚಾಚಾ ಮೊದಲು ಮಾಡಿದ ಕೆಲಸ ಡೀಸೆಲ್ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿದ್ದು. ಡಬ್ಬಿಗೆ ಮೊದಲು ಬಿದ್ದದ್ದು ಡೀಸೆಲ್ ಅಲ್ಲ, ನೀರು.

“ಇದನ್ನ ಯಾವಾಗ ಇಳಿಸಿದ್ದಿ ಬೇಟಾ?” ಅಂತ ಚಾಚಾ ಕೇಳಿದರು.

“ಇಳಿಸಬೇಕಂತ ಗೊತ್ತೇ ಇರ್ಲಿಲ್ಲ ಚಾಚಾ.”

“ಬಾಟ್ಲಿ ಹಾಕೋದು ಗೊತ್ತಿತ್ತು, ಸ್ಕ್ರೂ ತಿರುವೋದು ಗೊತ್ತಿರ್ಲಿಲ್ಲ. ಹೊಟ್ಟಿನೋವಿಗೆ ತಲಿಗೆ ಎಣ್ಣಿ ಹಚ್ಚಿದಂಗಾತು ನೋಡು.”

ನೀರು ಇಂಜೆಕ್ಟರ್ ತನಕ ಹೋಗಿ ಎರಡರ ತುದಿ ಕೆಟ್ಟಿತ್ತು. ಬಿಚ್ಚಿ, ಕಲಬುರಗಿಗೆ ಕಳಿಸಿ, ಮೆಷಿನ್ ಮೇಲೆ ಪರೀಕ್ಷೆ ಮಾಡಿಸಿ, ರಿಪೇರಿ ಆಗಿ ಬರುವ ಹೊತ್ತಿಗೆ ಒಂಬತ್ತು ದಿನ. ಹಂಗಾಮಿನ ಒಂಬತ್ತು ದಿನ ಅಂದರೆ ಬಾಡಿಗೆ ಹೊಡೆಯುವವನಿಗೆ ಏನು ಅಂತ ಕೇಳಬೇಡಿ. ಆ ತಿಂಗಳ ಕಂತನ್ನು ಕಾಕು ತಮ್ಮ ಸಂಘದಿಂದ ಸಾಲ ತಂದು ಕಟ್ಟಿದರು. ಬಾಟಲಿಗೆ ಹೋದ ಮೂರು ಸಾವಿರದ ಚಿಲ್ಲರೆ ಅವನಿಗೆ ದೊಡ್ಡ ನಷ್ಟ ಅಲ್ಲ. ನಾಲ್ಕು ತಿಂಗಳು ಮಿಸ್ತ್ರಿ ಹತ್ತಿರ ಹೋಗದೇ ಇದ್ದದ್ದು ದೊಡ್ಡ ನಷ್ಟ. ಬಾಟಲಿ ಗಾಡಿ ಕೆಡಿಸಲಿಲ್ಲ. “ಏನೋ ಒಂದು ಮಾಡೀನಲ್ಲ” ಅನ್ನುವ ಸಮಾಧಾನ ಕೊಟ್ಟಿತು, ಅಷ್ಟರಲ್ಲಿ ಕಾಯಿಲೆ ಬೆಳೆಯಿತು.

ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳಲ್ಲಿ ಇಂಧನದ ಒತ್ತಡ 1,600 ಬಾರ್, ಅದಕ್ಕಿಂತ ಮೇಲೂ ಇರ್ತದೆ. ನಿಮ್ಮ ಸ್ಕೂಟರ್ ಟೈರಿನ ಗಾಳಿ ಸುಮಾರು 2 ಬಾರ್ ಅಂದರೆ ಅಂದಾಜು ಹಾಕಿ. ಇಂಜೆಕ್ಟರ್ ರಂಧ್ರ ಕೂದಲೆಳೆಗಿಂತ ಸ್ವಲ್ಪವೇ ದೊಡ್ಡದು. ಅಲ್ಲಿ ನೀರಿನ ಹನಿ ಶತ್ರು. ಡೀಸೆಲ್ ಡಿಟರ್ಜೆಂಟ್‌ಗೆ ಇಂಜೆಕ್ಟರ್ ಕಚರಾ ಕರಗಿಸುವ ಗುಣ ಇದೆ, ಸವೆದ ಲೋಹವನ್ನು ಬೆಳೆಸುವ ಗುಣ ಇಲ್ಲ.

ಬಿಎಸ್6 ಡೀಸೆಲ್‌ನವರಿಗೆ ಇನ್ನೊಂದು ಮಾತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತುಂಬಿ ಲೈಟ್ ಹತ್ತಿದರೆ ಗಾಬರಿಯಿಂದ ಬಾಟಲಿ ಕೊಳ್ಳಬೇಡಿ. ಮೊದಲು ಮ್ಯಾನ್ಯುಯಲ್ ಓದಿ. ಸಾಮಾನ್ಯವಾಗಿ ಒಂದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಹೆದ್ದಾರಿ ಮೇಲೆ ಓಡಿಸಿದರೆ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ತದೆ. ಹುಮನಾಬಾದಿನಿಂದ ಜಹೀರಾಬಾದ್ ಕಡೆ ಒಂದು ಸುತ್ತು ಸಾಕು.

ಒಂದು ಸಣ್ಣ ಲೆಕ್ಕ

ಮೊಬೈಲ್‌ನಲ್ಲೇ ಕ್ಯಾಲ್ಕುಲೇಟರ್ ತೆಗೀರಿ. ನಿಮ್ಮ ಕಾರು ಲೀಟರಿಗೆ 16 ಕಿ.ಮೀ. ಕೊಡ್ತದೆ, ಪೆಟ್ರೋಲ್ ಲೀಟರಿಗೆ ₹103 ಅಂತ ಹಿಡಿಯೋಣ. ಮೂರು ಸಾವಿರ ಕಿ.ಮೀ.ಗೆ ಸುಮಾರು ₹19,300ರ ಪೆಟ್ರೋಲ್ ಬೇಕು. ಅಷ್ಟು ಓಟಕ್ಕೊಂದು ₹500ರ ಬಾಟಲಿ ಹಾಕಿದರೆ, ಆ ದುಡ್ಡು ವಾಪಸ್ ಬರಲು ಶೇ 2.6ರಷ್ಟು ಪೆಟ್ರೋಲ್ ಉಳಿಯಬೇಕು. ಅಂದರೆ 16 ಇದ್ದದ್ದು 16.4 ಆಗಬೇಕು. ಒಂದು ಸಲ ಅಲ್ಲ, ಪ್ರತಿ ಬಾಟಲಿಗೂ ಆಗಬೇಕು. ಆಗಲೇ ಸ್ವಚ್ಛ ಇರುವ ಎಂಜಿನ್ ಮತ್ತೆ ಮತ್ತೆ ಸ್ವಚ್ಛ ಆಗೋದು ಎಲ್ಲಿಂದ?

ಅದೇ ಬಾಟಲಿ ಹತ್ತು ಸಾವಿರ ಕಿ.ಮೀ.ಗೆ ಒಂದು ಸಲ ಅಂದರೆ ಶೇ 0.8 ಉಳಿದರೆ ಸಾಕು. ಕಚರಾ ಇರುವ ಹಳೆಯ ಎಂಜಿನ್‌ಗೆ ಇದು ಸಾಧ್ಯ.

ಬೈಕಿನ ಲೆಕ್ಕ ಇನ್ನೂ ತಮಾಷೆ. ಲೀಟರಿಗೆ 60 ಕೊಡುವ ಬೈಕ್ ಸಾವಿರ ಕಿ.ಮೀ. ಓಡಲು ಸುಮಾರು ₹1,700ರ ಪೆಟ್ರೋಲ್ ಸಾಕು. ಅದಕ್ಕೆ ₹150ರ ಸಣ್ಣ ಬಾಟಲಿ ಹಾಕಿದರೆ, ಆವರೇಜ್ 60ರಿಂದ 65ರ ಮೇಲೆ ಹೋದರೆ ಮಾತ್ರ ಲೆಕ್ಕ ಸಮ. ಚೈನ್ ಬಿಗಿ ಮಾಡಿಸಿ, ಟೈರಿಗೆ ಗಾಳಿ ತುಂಬಿಸಿದರೆ ಸಿಗುವ ಲಾಭ ಇದಕ್ಕಿಂತ ಗ್ಯಾರಂಟಿ.

ಅಂದಹಾಗೆ, “ನಾನು ಹಾಕಿದ ಮೇಲೆ ಆವರೇಜ್ ಜಾಸ್ತಿ ಆಯ್ತು” ಅನ್ನುವವರು ಸುಳ್ಳು ಹೇಳ್ತಾರೆ ಅಂತಲ್ಲ. ಬಾಟಲಿ ಹಾಕಿದ ವಾರ ನಾವೇ ಆ್ಯಕ್ಸಿಲರೇಟರ್ ಮೆಲ್ಲಗೆ ಒತ್ತುತ್ತೀವಿ, ಮೀಟರ್ ಮೇಲೆ ಕಣ್ಣಿಡ್ತೀವಿ. ಎಸಿ, ಎದುರುಗಾಳಿ, ಟ್ರಾಫಿಕ್ ಇವೆಲ್ಲ ಶೇ 3ಕ್ಕಿಂತ ಹೆಚ್ಚು ವ್ಯತ್ಯಾಸ ಮಾಡಬಲ್ಲವು. ಒಂದು ಟ್ಯಾಂಕಿನ ಲೆಕ್ಕದಲ್ಲಿ ಇದು ಗೊತ್ತಾಗೋದಿಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಧನ ಉಳಿಸ್ತೇವೆ ಅನ್ನುವ ನೂರಕ್ಕೂ ಹೆಚ್ಚು ಸಾಧನ, ಸಂಯೋಜಕಗಳನ್ನು ಪರಿಶೀಲಿಸಿ, ತೀರಾ ಕೆಲವು ಮಾತ್ರ ಅಲ್ಪಸ್ವಲ್ಪ ಲಾಭ ಕೊಟ್ಟವು ಅಂದಿದೆ.

ಹಾಗಾದರೆ ಯಾರು ಹಾಕಿಸಬಹುದು?

ನನ್ನ ಅಭಿಪ್ರಾಯ ಹೀಗಿದೆ.

ಹಾಕಿಸಬಹುದು: 50–60 ಸಾವಿರ ಕಿ.ಮೀ. ದಾಟಿದ, ಬರೀ ಊರೊಳಗೆ ಸಣ್ಣ ಸಣ್ಣ ಓಟ ಓಡಿದ ಪೆಟ್ರೋಲ್ ಗಾಡಿ. ಐಡ್ಲಿಂಗ್‌ನಲ್ಲಿ ನಡುಕ ಇದೆ, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ ನೋಡಿ ಆಯ್ತು, ಆದರೂ ಸರಿ ಹೋಗಿಲ್ಲ ಅಂದಾಗ ಪಿಇಎ ಇರುವ ಒಂದು ಬಾಟಲಿ. ತುಂಬಿದ ಟ್ಯಾಂಕಿಗೆ, ಹೇಳಿದ ಅಳತೆಯಲ್ಲಿ, ಉದ್ದ ಪ್ರಯಾಣಕ್ಕೆ ಮುಂಚೆ. ಒಂದು ಟ್ಯಾಂಕ್ ಮುಗಿಯುವಷ್ಟರಲ್ಲಿ ಫರಕು ಕಾಣಲಿಲ್ಲ ಅಂದರೆ ಎರಡನೇ ಬಾಟಲಿ ಬೇಡ, ಸ್ಕ್ಯಾನರ್ ಹಾಕಿಸಿ.

ಮ್ಯಾನ್ಯುಯಲ್ ಹೇಳಿದರೆ: ಕೆಲವು ಕಂಪನಿಗಳು ತಾವೇ ಇಂತಿಷ್ಟು ಕಿ.ಮೀ.ಗೆ ತಮ್ಮ ಕ್ಲೀನರ್ ಹಾಕಿ ಅಂತ ಬರೆದಿರ್ತಾರೆ. ಇನ್ನು ಕೆಲವರು ಬೇರೆ ಏನನ್ನೂ ಬೆರೆಸಬೇಡಿ ಅಂತಾರೆ. ವಾರಂಟಿ ಇರುವ ತನಕ ಆ ಪುಸ್ತಕವೇ ಪ್ರಮಾಣ.

ಬೇಡವೇ ಬೇಡ: ಹೊಸ ಗಾಡಿಗೆ ಪ್ರತಿ ಸರ್ವಿಸ್‌ನಲ್ಲೂ. ಇ20 ಆವರೇಜ್ ಸರಿ ಮಾಡಲು. ಚೆಕ್ ಎಂಜಿನ್ ಲೈಟ್ ಹತ್ತಿದಾಗ ಅದನ್ನು ಆರಿಸಲು. ಡೀಸೆಲ್ ಗಾಡಿ ಹೊಗೆ ಬಿಟ್ಟಾಗ, ಫಿಲ್ಟರ್ ನೋಡದೆ.

ಬಾಟಲಿಗೆ ಇಡುವ ದುಡ್ಡನ್ನು ಮೊದಲು ಎಲ್ಲಿ ಹಾಕಬೇಕು? ಒಳ್ಳೆಯ ಪಂಪ್ ಹುಡುಕೋದರಲ್ಲಿ. ತೆಲಂಗಾಣಕ್ಕಿಂತ ನಮ್ಮ ಕಡೆ ದರ ಕಡಿಮೆ ಅಂತ ಗಡಿ ದಾಟುವ ಮುಂಚೆ ನಾವೆಲ್ಲ ಟ್ಯಾಂಕ್ ತುಂಬಿಸ್ತೀವಲ್ಲ, ಅಲ್ಲೇ ಎರಡು ನಿಮಿಷ ಹೆಚ್ಚು ನಿಲ್ಲಿ. ಫಿಲ್ಟರ್ ಪೇಪರ್ ಕೇಳೋದು ಗ್ರಾಹಕರ ಹಕ್ಕು. ಕಾಗದದ ಮೇಲೆ ಪೆಟ್ರೋಲ್‌ನ ಒಂದು ಹನಿ ಬಿಟ್ಟರೆ ಎರಡು ನಿಮಿಷದಲ್ಲಿ ಆರಿ, ಎಣ್ಣೆಯ ಕಲೆ ಉಳಿಯಬಾರದು. ಡೆನ್ಸಿಟಿ ತೋರಿಸಿ ಅನ್ನಬಹುದು, ಐದು ಲೀಟರ್ ಅಳತೆಯ ಪಾತ್ರೆಯಲ್ಲಿ ಅಳೆದು ತೋರಿಸಿ ಅನ್ನಬಹುದು. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ, ನೆಲದಡಿಯ ಟ್ಯಾಂಕಿಗೆ ನೀರು ಇಳಿಯುವ ಕಾಲ ಅದು. ಹಳ್ಳಿಯ ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲ್ ತೀರಾ ಆಪತ್ತಿಗೆ ಮಾತ್ರ ಇರಲಿ. ಡೀಸೆಲ್ ಗಾಡಿ ಇದ್ದವರು ಫಿಲ್ಟರಿನ ನೀರು ಇಳಿಸೋದನ್ನು ಇವತ್ತೇ ಮಿಸ್ತ್ರಿ ಹತ್ತಿರ ಕಲೀರಿ, ಹತ್ತು ನಿಮಿಷದ ಕೆಲಸ.

ಸರ್ವಿಸ್ ಸೆಂಟರ್‌ನಲ್ಲಿ ಜಗಳ ಮಾಡೋದು ಬೇಕಿಲ್ಲ. ಮೂರು ಪ್ರಶ್ನೆ ಸಾಕು: ಏನು ಪರೀಕ್ಷೆ ಮಾಡಿ ಇದು ಬೇಕು ಅಂದಿರಿ? ಫ್ಯೂಯಲ್ ಟ್ರಿಮ್ ಎಷ್ಟು ತೋರಿಸ್ತು? ಇದು ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ಇದೆಯಾ? ಮೂರಕ್ಕೂ ಉತ್ತರ ಬಂದರೆ ಧೈರ್ಯವಾಗಿ ಹಾಕಿಸಿ, ಅವರು ನಿಮ್ಮ ಗಾಡಿ ನೋಡಿಯೇ ಹೇಳ್ತಿದ್ದಾರೆ. ಬರದಿದ್ದರೆ ಗಾಡಿ ಬಿಡುವ ಮುಂಚೆಯೇ ಜಾಬ್ ಕಾರ್ಡ್ ಮೇಲೆ ‘ಕೇಳದೆ ಹೆಚ್ಚುವರಿ ಕೆಲಸ ಬೇಡ’ ಅಂತ ಬರೆಸಿಬಿಡಿ.

ಕಾಕಾನ ಮಗ ಈಗ ಪ್ರತಿ ತಿಂಗಳ ಮೊದಲ ದಿನ ಫಿಲ್ಟರ್ ಸ್ಕ್ರೂ ತಿರುವ್ತಾನೆ, ನೀರು ಬಂತೋ ಇಲ್ಲೋ ಅಂತ ಡೈರಿಯಲ್ಲಿ ಬರೀತಾನೆ. ಮಳೆಗಾಲದ ಎರಡು ತಿಂಗಳು ಸ್ವಲ್ಪ ನೀರು ಬಂದಿತ್ತಂತೆ. ಅದನ್ನು ನೋಡಿ ತಾನು ಡೀಸೆಲ್ ಹಾಕಿಸುವ ಪಂಪ್ ಬದಲಿಸಿದ.

ನಿಮ್ಮ ಬಿಲ್ಲಿನಲ್ಲೂ ಈ ಸಾಲು ಇತ್ತಾ? ಹಾಕಿಸಿದ ಮೇಲೆ ನಿಜವಾಗಿ ಏನು ಬದಲಾಯ್ತು? ಗಾಡಿ ಯಾವುದು, ಎಷ್ಟು ಓಡಿದೆ, ಮೊದಲಿನ ಆವರೇಜ್ ಎಷ್ಟು, ಆಮೇಲಿನದು ಎಷ್ಟು ಅಂತ ಬರೆದು ಕಳಿಸಿ. ಒಂದು ಟ್ಯಾಂಕಿನದಲ್ಲ, ನಾಲ್ಕೈದು ಟ್ಯಾಂಕಿನ ಲೆಕ್ಕ ಇರಲಿ.